ಅಪರಿಚಿತರ ಮಾತು, ಬೈಬಲ್ಲಿನ ಬುದ್ಧಿ ಮತ್ತು ನಮ್ಮ ಫಾರ್ವರ್ಡ್ ಚಟ

ಇತ್ತೀಚೆಗೆ ಒಂದು ಥರದ ಕತೆ ಎಲ್ಲಿ ನೋಡಿದರೂ ಕಣ್ಣಿಗೆ ಬೀಳುತ್ತಿದೆ. ನೀವೂ ಓದಿರ್ತೀರಿ. ಬರೆದವರು ದೊಡ್ಡ ಹುದ್ದೆಯಲ್ಲಿರುತ್ತಾರೆ. ಅವತ್ತು ಅವರ ಕಾರು ಸರ್ವೀಸಿಗೆ ಹೋಗಿರುತ್ತೆ, ಹಾಗಾಗಿ ಆಟೋ ಹತ್ತುತ್ತಾರೆ. ಆಟೋ ಓಡಿಸುವ ಹಿರಿಯರು ಸಿಗ್ನಲ್ಲಿನಲ್ಲಿ ಹಿಂತಿರುಗಿ ನೋಡಿ ಒಂದು ಮಾತು ಹೇಳುತ್ತಾರೆ. ಒಂದೇ ಒಂದು ಮಾತು. ಅದನ್ನು ಕೇಳಿ ಇವರ ಕಣ್ಣು ತೇವವಾಗುತ್ತೆ. ಇಳಿಯುವಾಗ ಮೀಟರಿಗಿಂತ ನೂರು ರೂಪಾಯಿ ಜಾಸ್ತಿ ಕೊಡಲು ಹೋದರೆ ಆ ಹಿರಿಯರು ಬೇಡ ಅಂತಾರೆ. ಕೊನೆಯಲ್ಲಿ "ಬೈಬಲ್ ಹೇಳಿದ್ದೂ ಇದನ್ನೇ ಅಲ್ಲವೇ?" ಅಂತ ಒಂದು ಸಾಲು, ಕೆಳಗೆ ಅಧ್ಯಾಯದ ನಂಬರು, ಕೈ ಮುಗಿದ ಚಿತ್ರ. (ಬೆಂಗಳೂರಲ್ಲಿ ಮೀಟರ್ ಹಾಕಿದ ಆಟೋ ಅಂದಾಗಲೇ ಇದು ಕಟ್ಟಿದ ಕತೆ ಅಂತ ನಮಗೆ ಗೊತ್ತಾಗಬೇಕಿತ್ತು :-) )

ಬೈಬಲ್ ತೆಗೆದು ಗೀತೆ ಹಾಕಿ, ಕತೆ ಹಾಗೇ ನಡೆಯುತ್ತೆ. ಗೀತೆ ತೆಗೆದು ಝೆನ್ ಗುರು ಹಾಕಿ, ಆಗಲೂ ನಡೆಯುತ್ತೆ. ಆಟೋ ಬದಲು ಸೊಪ್ಪು ಮಾರುವ ಅಜ್ಜಿ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ವಿಮಾನದಲ್ಲಿ ಪಕ್ಕದ ಸೀಟಿನವರು, ಯಾರನ್ನು ಬೇಕಾದರೂ ಕೂರಿಸಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಟೆಂಪ್ಲೇಟು. ಖಾಲಿ ಜಾಗ ತುಂಬಿದರೆ ಸಾಕು, ಔಟ್‌ಪುಟ್ ತಯಾರು.

ನನ್ನ ತಕರಾರು ಏನು ಅಂತ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಅಪರಿಚಿತರ ಮಾತಿನಲ್ಲಿ ಬೈಬಲ್ಲಿನ ವಿವೇಕ ಸಿಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಸಿಗುತ್ತೆ, ಅಲ್ಲೇ ಹೆಚ್ಚು ಸಿಗುತ್ತೆ. ಆದರೆ ಈ ಕತೆಗಳಲ್ಲಿ ಸಿಗುವುದು ಅದಲ್ಲ. ಇಲ್ಲಿ ಅಪರಿಚಿತ ವ್ಯಕ್ತಿ ನಮಗೆ ಮೊದಲೇ ಗೊತ್ತಿದ್ದದ್ದನ್ನು ನಮಗೇ ಹೇಳಿ, ನಮ್ಮ ಬೆನ್ನು ತಟ್ಟಿ, ಮುಂದಿನ ಸಿಗ್ನಲ್ಲಿನಲ್ಲಿ ಮಾಯವಾಗುತ್ತಾರೆ. ಇದು ಆ ಮನುಷ್ಯರಿಗೂ ಅವಮಾನ, ಬೈಬಲ್ಲಿಗೂ ಅವಮಾನ ಅನ್ನುವುದು ನನ್ನ ವಾದ.

ನಾನು ಕ್ರೈಸ್ತನಲ್ಲ. ಕನ್ನಡ ಬೈಬಲ್ ನನ್ನ ಕೈಗೆ ಬಂದದ್ದು ಇಂಜಿನಿಯರಿಂಗ್ ಓದುವಾಗ, ಹಾಸ್ಟೆಲ್ಲಿನ ರೂಮ್‌ಮೇಟ್ ದಯದಿಂದ. ಪರೀಕ್ಷೆಗೆ ಓದಬೇಕಾದಾಗ ಬೇರೆ ಏನು ಓದಿದರೂ ರುಚಿಯಾಗಿರುತ್ತಲ್ಲ, ಹಾಗೆ ಶುರುವಾದ ಓದು ಅದು. ಭಕ್ತಿಯಿಂದ ಅಲ್ಲ, ಕುತೂಹಲದಿಂದ. ಆದ್ದರಿಂದ ಇಲ್ಲಿ ಹೇಳುವುದು ಒಬ್ಬ ಓದುಗನ ಮಾತು, ಬೋಧಕನದ್ದಲ್ಲ.

ಬೈಬಲ್ಲಿನಲ್ಲಿ ಹೊರಗಿನವರು ಏನು ಮಾಡುತ್ತಾರೆ?

ಮೊದಲು ಮೋಶೆಯ ಮಾವನ ಕತೆ. ವಿಮೋಚನಕಾಂಡದ 18ನೇ ಅಧ್ಯಾಯ. ಐಗುಪ್ತದ ಗುಲಾಮಗಿರಿಯಿಂದ ಜನರನ್ನು ಬಿಡಿಸಿ ತಂದ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ನ್ಯಾಯ ಹೇಳುತ್ತಾ ಕೂತಿರುತ್ತಾನೆ. ಜನ ಸಾಲುಗಟ್ಟಿ ನಿಂತಿರುತ್ತಾರೆ. ಮಾವ ಇತ್ರೋ ನೋಡಲು ಬರುತ್ತಾನೆ. ಈತ ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಪುರೋಹಿತ. ಅಂದರೆ ಬೇರೆ ಜನ, ಬೇರೆ ಪದ್ಧತಿ. ಅಳಿಯನ ಕೆಲಸ ನೋಡಿ "ಭೇಷ್" ಅನ್ನುವುದಿಲ್ಲ. ನೀನು ಮಾಡುತ್ತಿರುವುದು ಸರಿಯಿಲ್ಲ, ಹೀಗಾದರೆ ನೀನೂ ಸೋತುಹೋಗುತ್ತೀ, ಈ ಜನವೂ ಸೋತುಹೋಗುತ್ತಾರೆ ಅಂತ ನೇರವಾಗಿ ಹೇಳುತ್ತಾನೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಯೋಗ್ಯರನ್ನು ನೇಮಿಸು, ದೊಡ್ಡ ವ್ಯಾಜ್ಯ ಮಾತ್ರ ನಿನ್ನ ಹತ್ತಿರ ಬರಲಿ ಅನ್ನುತ್ತಾನೆ. ಮೋಶೆ ಹಾಗೇ ಮಾಡುತ್ತಾನೆ.

ಎಲ್ಲ ರಿಕ್ವೆಸ್ಟೂ ಒಂದೇ ಸರ್ವರಿಗೆ ಬಂದು ಬೀಳುವ ಸಿಸ್ಟಮ್ ಕಟ್ಟಿದವರಿಗೆ ಈ ಸಲಹೆಯ ಬೆಲೆ ಗೊತ್ತು. ಆದರೆ ನನಗೆ ಹೆಚ್ಚು ಇಷ್ಟವಾದ ಸಂಗತಿ ಬೇರೆ. ಇದೇ ಏರ್ಪಾಟಿನ ವಿಷಯ ಧರ್ಮೋಪದೇಶಕಾಂಡದ ಮೊದಲ ಅಧ್ಯಾಯದಲ್ಲಿ ಮತ್ತೆ ಬರುತ್ತೆ. ಅಲ್ಲಿ ಮೋಶೆಯೇ ಜನರ ಮುಂದೆ ನಿಂತು, ಅವತ್ತು ನಾನು ನಿಮಗೆ ಹೀಗೆ ಹೇಳಿದೆ, ಅಧಿಕಾರಿಗಳನ್ನು ನೇಮಿಸಿದೆ ಅಂತ ನೆನಪಿಸುತ್ತಾನೆ. ಮಾವನ ಸುದ್ದಿಯೇ ಇಲ್ಲ! ಆಫೀಸಿನ ಮೀಟಿಂಗುಗಳಲ್ಲಿ ನಾವು ದಿನಾ ನೋಡುವುದು ಇದನ್ನೇ ತಾನೇ? ಆದರೆ ಬೈಬಲ್ಲನ್ನು ಜೋಡಿಸಿದವರು ಎರಡೂ ಕತೆಗಳನ್ನು ಉಳಿಸಿಕೊಂಡರು. ನಾಯಕನ ಭಾಷಣದಲ್ಲಿ ಬಿಟ್ಟುಹೋದ ಪರಕೀಯನ ಹೆಸರು ಹಿಂದಿನ ಪುಸ್ತಕದಲ್ಲಿ ಭದ್ರವಾಗಿ ಕೂತಿದೆ. ನಮ್ಮ ಆಟೋ ಕತೆಗಳಲ್ಲಿ ಹೇಳಿದವರಿಗೆ ಹೆಸರಾದರೂ ಇರುತ್ತಾ?

ಎರಡನೆಯದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ. ತೂರ್ ಪಟ್ಟಣದ ಕಡೆಗೆ ಹೋದ ಯೇಸುವಿನ ಹತ್ತಿರ ಸಿರಿಯಾದ ಫೊಯಿನೀಕೆಯ ಹೆಂಗಸೊಬ್ಬಳು ಬರುತ್ತಾಳೆ. ಮಗಳಿಗೆ ದೆವ್ವ ಹಿಡಿದಿದೆ, ಬಿಡಿಸು ಅನ್ನುತ್ತಾಳೆ. ಯೇಸುವಿನ ಉತ್ತರ ಇವತ್ತಿಗೂ ಓದುವವರನ್ನು ತಡೆದು ನಿಲ್ಲಿಸುತ್ತೆ. ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕುವುದು ಸರಿಯಲ್ಲ ಅನ್ನುವ ಅರ್ಥದ ಮಾತು ಅದು. ಆಕೆ ಅಳುತ್ತಾ ಹೊರಟುಹೋಗುವುದಿಲ್ಲ. ಮೇಜಿನ ಕೆಳಗಿರುವ ನಾಯಿಗಳೂ ಮಕ್ಕಳ ಕೈಯಿಂದ ಬಿದ್ದ ಚೂರು ತಿನ್ನುತ್ತವಲ್ಲ ಅಂತ ತಿರುಗಿ ಹೇಳುತ್ತಾಳೆ. ನೀನು ಈ ಮಾತು ಆಡಿದ್ದರಿಂದ ಮನೆಗೆ ಹೋಗು, ಮಗಳು ವಾಸಿಯಾಗಿದ್ದಾಳೆ ಅನ್ನುತ್ತಾನೆ ಯೇಸು. ಆಕೆಯನ್ನು ಪರೀಕ್ಷಿಸಲೆಂದೇ ಹಾಗೆ ಅಂದದ್ದು ಅಂತ ಅನೇಕ ಭಕ್ತರು ವಿವರಿಸುತ್ತಾರೆ, ಇರಬಹುದು. ಆದರೂ ಪುಸ್ತಕ ಏನನ್ನು ದಾಖಲಿಸಿದೆ ನೋಡಿ. ಕೆಲಸ ಆದದ್ದು ಆಕೆಯ ಮಾತಿನಿಂದ. ಅಪರಿಚಿತಳೊಬ್ಬಳು, ಅನ್ಯಜನದವಳು, ಎದುರುತ್ತರ ಕೊಟ್ಟಳು. ಅವಳ ಉತ್ತರವನ್ನು ಯಾರೂ ಅಳಿಸಲಿಲ್ಲ.

ಹುಡುಕುತ್ತಾ ಹೋದರೆ ಇಂಥವು ಸಾಲುಸಾಲಾಗಿ ಸಿಗುತ್ತವೆ. ಎರಡನೆಯ ಸಮುವೇಲದಲ್ಲಿ ತೆಕೋವದ ಜಾಣೆಯೊಬ್ಬಳು ಕಟ್ಟುಕತೆ ಹೇಳಿ ದಾವೀದ ಅರಸನನ್ನು ಅವನ ಮಾತಿನಲ್ಲೇ ಸಿಕ್ಕಿಸುತ್ತಾಳೆ. ಎರಡನೆಯ ಅರಸುಗಳಲ್ಲಿ ಅರಾಮ್ಯರ ಸೇನಾಪತಿ ನಾಮಾನನ ಕುಷ್ಠಕ್ಕೆ ದಾರಿ ತೋರಿಸುವವಳು ಅವನ ಮನೆಯಲ್ಲಿ ದುಡಿಯುವ, ಸೆರೆಹಿಡಿದು ತಂದ ಒಬ್ಬ ಪುಟ್ಟ ಹುಡುಗಿ. ಅರಣ್ಯಕಾಂಡದಲ್ಲಂತೂ ಬಿಳಾಮನಿಗೆ ಬುದ್ಧಿ ಹೇಳುವುದು ಅವನ ಕತ್ತೆ!

ಇವರಲ್ಲಿ ಯಾರೂ ಕೇಳಿದವರ ಬೆನ್ನು ತಟ್ಟಲಿಲ್ಲ. ಎಲ್ಲರೂ ಕೇಳಿದವರ ಲೆಕ್ಕವನ್ನು ಕೆಡಿಸಿದರು. ಮೋಶೆ ಅಧಿಕಾರ ಹಂಚಬೇಕಾಯಿತು. ದಾವೀದ ದೇಶಭ್ರಷ್ಟನಾದ ಮಗನನ್ನು ವಾಪಸು ಕರೆಸಬೇಕಾಯಿತು. ನಾಮಾನ ಸೇನಾಪತಿಯ ಗತ್ತು ಬಿಟ್ಟು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಬೇಕಾಯಿತು. ಬೈಬಲ್ಲಿನ ಅಪರಿಚಿತರ ಮಾತು ಪುಕ್ಕಟೆ ಸಿಗುವುದಿಲ್ಲ, ಕೇಳಿದವರು ಏನನ್ನಾದರೂ ತೆರಬೇಕಾಗುತ್ತೆ. ನಮ್ಮ ಕತೆಗಳಲ್ಲಿ ಕೇಳಿದವರು ತೆರುವುದು ನೂರು ರೂಪಾಯಿ, ಅದನ್ನೂ ಅವರು ತಗೊಳ್ಳಲ್ಲ!

ಗಾದೆ ಯಾರಪ್ಪನ ಸ್ವತ್ತು?

ಇನ್ನು "ಇದು ನಮ್ಮ ಗ್ರಂಥದ ಮಾತು" ಅಂತ ಬಾವುಟ ನೆಡುವವರ ವಿಷಯ. ರಸ್ತೆಯಲ್ಲಿ ಯಾರೋ ಒಳ್ಳೆಯ ಮಾತು ಹೇಳಿದರೆ ಸಾಕು, ಇವರಿಗೆ ತಕ್ಷಣ ಅದಕ್ಕೆ ಮಾಲೀಕರನ್ನು ಹುಡುಕುವ ಅವಸರ. ಒಬ್ಬರು ಬೈಬಲ್ ಅನ್ನುತ್ತಾರೆ, ಇನ್ನೊಬ್ಬರು ಇದೆಲ್ಲ ನಮ್ಮಲ್ಲಿ ಸಾವಿರಾರು ವರ್ಷದಿಂದ ಇತ್ತು ಅನ್ನುತ್ತಾರೆ. ಮಾತಾಡಿದವರು ಮಾತ್ರ ಎರಡೂ ಕಡೆಯವರ ಕಾಲಡಿ.

ಜ್ಞಾನೋಕ್ತಿಗಳು ಅನ್ನುವ ಪುಸ್ತಕವನ್ನೇ ನೋಡಿ. ಬೈಬಲ್ಲಿನ ವಿವೇಕ ಅಂದ ಕೂಡಲೇ ಎಲ್ಲರೂ ಕೈ ಹಾಕುವುದು ಇದಕ್ಕೇ. ಸೊಲೊಮೋನನ ಹೆಸರಿನಲ್ಲಿದೆ, ಸರಿ. ಆದರೆ ಒಳಗೆ ಹೋದರೆ ಅದೊಂದು ಸಂಗ್ರಹ ಅಂತ ಪುಸ್ತಕವೇ ಒಪ್ಪಿಕೊಳ್ಳುತ್ತೆ. 25ನೇ ಅಧ್ಯಾಯದ ಶುರುವಿನಲ್ಲಿ ಇವನ್ನು ಹಿಜ್ಕೀಯ ಅರಸನ ಕಡೆಯವರು ಬರೆದುಕೊಂಡರು ಅಂತಿದೆ. 30ನೇ ಅಧ್ಯಾಯ ಆಗೂರ ಎಂಬುವವನದು. 31ನೇ ಅಧ್ಯಾಯ ಲೆಮೂವೇಲ ಅನ್ನುವ ಅರಸನಿಗೆ ಅವನ ತಾಯಿ ಕಲಿಸಿದ್ದು. ಇಸ್ರಾಯೇಲಿನ ಅರಸರ ಪಟ್ಟಿಯಲ್ಲಿ ಲೆಮೂವೇಲ ಅಂತ ಯಾರೂ ಇಲ್ಲ!

ಇದಕ್ಕಿಂತ ಮಜದ ಸಂಗತಿ 22ನೇ ಅಧ್ಯಾಯದ ನಡುವಿನಿಂದ ಶುರುವಾಗುವ ಭಾಗದ್ದು. ಈಜಿಪ್ಟಿನಲ್ಲಿ ಅಮೆನೆಮೊಪೆ ಅನ್ನುವ ಅಧಿಕಾರಿ ಮಗನಿಗೆ ಹೇಳಿದ ಬುದ್ಧಿಮಾತುಗಳ ಒಂದು ಪಪೈರಸ್ ಸುರುಳಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ವಾಲಿಸ್ ಬಡ್ಜ್ ಅದರ ಪೂರ್ತಿ ಪಠ್ಯವನ್ನು 1923ರಲ್ಲಿ ಪ್ರಕಟಿಸಿದ. ಮರುವರ್ಷವೇ, 1924ರಲ್ಲಿ, ಅಡಾಲ್ಫ್ ಎರ್ಮನ್ ಎಂಬ ಜರ್ಮನ್ ವಿದ್ವಾಂಸ ಅದಕ್ಕೂ ಜ್ಞಾನೋಕ್ತಿಗಳ ಈ ಭಾಗಕ್ಕೂ ಇರುವ ಹೋಲಿಕೆಯನ್ನು ತೋರಿಸಿದ. ಬಡವನನ್ನು ದೋಚಬೇಡ, ಹೊಲದ ಗಡಿಕಲ್ಲು ಸರಿಸಬೇಡ, ಸಿಟ್ಟಿನವನ ಸ್ನೇಹ ಬೇಡ, ಎಲ್ಲ ಎರಡೂ ಕಡೆ ಇವೆ. ಸಂಪತ್ತು ರೆಕ್ಕೆ ಕಟ್ಟಿಕೊಂಡು ಹಾರಿಹೋಗುತ್ತೆ ಅನ್ನುವ ಮಾತೂ ಇದೆ. ಈಜಿಪ್ಟಿನಲ್ಲಿ ಅದು ಬಾತುಕೋಳಿ ಜಾತಿಯ ಹಕ್ಕಿಯಾಗಿ ಹಾರಿದರೆ, ಬೈಬಲ್ಲಿನಲ್ಲಿ ಹದ್ದಾಗಿ ಹಾರುತ್ತೆ. ಬೈಬಲ್ಲೇ ಈಜಿಪ್ಟಿನಿಂದ ಪಡೆದುಕೊಂಡಿದೆ ಅನ್ನುವುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಯಾವ ಈಜಿಪ್ಟ್? ಇವರನ್ನು ಗುಲಾಮರನ್ನಾಗಿ ಇಟ್ಟುಕೊಂಡಿತ್ತು ಅಂತ ಅದೇ ಬೈಬಲ್ ಹೇಳುವ ಈಜಿಪ್ಟ್. ಹಳೇ ವೈರಿಯ ಮನೆಯ ಬುದ್ಧಿಮಾತನ್ನು ಇಸ್ಕೊಂಡು ಬಂದು ತಮ್ಮ ಪವಿತ್ರ ಗ್ರಂಥದೊಳಗೆ ಇಟ್ಟುಕೊಂಡರು. ಬಾವುಟ ನೆಡುವವರು ಇದಕ್ಕೆ ಏನಂತಾರೆ?

ನಮ್ಮ ಕಡೆಯ ಒಂದು ಉದಾಹರಣೆಯನ್ನೂ ಹೇಳಬೇಕು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದದ್ದು ಕನ್ನಡ ನಿಘಂಟು ಮಾಡಲಿಕ್ಕಲ್ಲ, ಮತಪ್ರಚಾರಕ್ಕೆ. ಅದನ್ನು ಮುಚ್ಚಿಡುವುದೇನೂ ಬೇಕಿಲ್ಲ. ಆದರೆ 1894ರಲ್ಲಿ ಮಂಗಳೂರಿನಿಂದ ಹೊರಬಂದ ಆ ದಪ್ಪ ನಿಘಂಟನ್ನು ತೆರೆದು ನೋಡಿ. ಪದದ ಅರ್ಥಕ್ಕೆ ಕಾವ್ಯದ ಸಾಲುಗಳ ಜೊತೆ ಜನರ ಬಾಯಲ್ಲಿನ ಗಾದೆಗಳೂ ಸಾಕ್ಷಿಯಾಗಿ ಬಂದಿವೆ. ಬೋಧಿಸಲು ಬಂದ ಮನುಷ್ಯ ಕೂತು ಕೇಳಿಸಿಕೊಂಡ. ಆ ಗಾದೆಗಳ ಪಕ್ಕ "ಇದು ನಮ್ಮ ಜ್ಞಾನೋಕ್ತಿಯ ನಕಲು" ಅಂತ ಚೀಟಿ ಅಂಟಿಸಲಿಲ್ಲ, ಕನ್ನಡದ ಗಾದೆ ಅಂತಲೇ ಅಚ್ಚು ಹಾಕಿಸಿದ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುವ ನಾಡಿನವರಿಗೆ ಇದರ ತೂಕ ಗೊತ್ತಾಗಬೇಕು.

ಬಸ್ಸಿನಲ್ಲಿ ಸಿಕ್ಕ ಜಾಮೀನುದಾರರು

ಹಾಗಾದರೆ ನಿಜವಾದ ಅಪರಿಚಿತರ ಮಾತು ಹೇಗಿರುತ್ತೆ? ನನಗೆ ಸಿಕ್ಕ ಒಂದನ್ನು ಹೇಳುತ್ತೇನೆ, ಟೆಂಪ್ಲೇಟಿಗೂ ಇದಕ್ಕೂ ತಾಳೆ ಹಾಕಿ ನೋಡಿ.

ಚಿತ್ರದುರ್ಗದ ಕಡೆಯಿಂದ ಬೆಂಗಳೂರಿಗೆ ಬರುವ ಬಸ್ಸು. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬರು. ಮೊದಲ ಅರ್ಧ ಗಂಟೆ ಮೊಬೈಲಿನಲ್ಲಿ ಜೋರಾಗಿ ವಿಡಿಯೋ ಹಾಕಿಕೊಂಡು ಇಡೀ ಬಸ್ಸಿಗೆ ಕೇಳಿಸಿದರು. ಆಮೇಲೆ ನಾನೇನು ಕೆಲಸ ಅಂತ ವಿಚಾರಿಸಿದರು. ಹೇಳಿದೆ. "ನಿಮ್ಮಂಥೋರಿಂದಾನೇ ಸೈಟು ರೇಟು ಹಾಳಾಗಿದ್ದು" ಅಂದರು. ಮುಖದಲ್ಲಿ ನಗು ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಶುರು ಮಾಡಿದರು. ಷಡ್ಡಕನ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದರಂತೆ. ಅವನು ಕಟ್ಟಲಿಲ್ಲ. ನೋಟೀಸು ಇವರಿಗೆ ಬಂತು. "ಸೈನ್ ಹಾಕಕ್ಕೆ ಒಂದು ನಿಮಿಷ ಸ್ವಾಮಿ, ಬಿಡಿಸ್ಕಳಕ್ಕೆ ಒಂಬತ್ತು ವರ್ಷ" ಅಂದರು. ಹೊಲದ ಒಂದು ತುಂಡು ಹೋಯಿತು. ಹೆಂಡತಿ ಅವತ್ತೇ ಬೇಡ ಅಂದಿದ್ದರಂತೆ. ಅವನ ಮೇಲೆ ಈಗ ಸಿಟ್ಟಿಲ್ಲ, ಹಬ್ಬಕ್ಕೆ ಬಂದರೆ ಊಟ ಹಾಕ್ತೀವಿ, ಆದರೆ ಆ ಸಾಲದ ಮಾತು ಎತ್ತಿದರೆ ಮಾತ್ರ ಹೆಂಡತಿ ಒಳಗೆ ಎದ್ದು ಹೋಗ್ತಾಳೆ ಅಂದರು.

ಜ್ಞಾನೋಕ್ತಿಗಳ 6ನೇ ಅಧ್ಯಾಯ ಗೊತ್ತಿದ್ದವರಿಗೆ ಇಲ್ಲಿ ಕೈ ತುರಿಸುತ್ತೆ. ನೆರೆಯವನಿಗೆ ಹೊಣೆಯಾಗಿದ್ದರೆ ನಿನ್ನ ಮಾತಿನ ಬಲೆಗೆ ನೀನೇ ಬಿದ್ದೆ, ನಿದ್ದೆ ಮಾಡದೆ ಹೋಗಿ ಅವನನ್ನು ಕಾಡಿ ಬೇಡಿ ಬಿಡಿಸಿಕೋ, ಬೇಟೆಗಾರನ ಕೈಯಿಂದ ತಪ್ಪಿಸಿಕೊಳ್ಳುವ ಜಿಂಕೆಯ ಹಾಗೆ ತಪ್ಪಿಸಿಕೋ ಅನ್ನುತ್ತೆ ಅದು. 11, 17, 22ನೇ ಅಧ್ಯಾಯಗಳಲ್ಲೂ ಇದೇ ಎಚ್ಚರಿಕೆ. ಟೆಂಪ್ಲೇಟ್ ಲೇಖಕರಾಗಿದ್ದರೆ ಬಸ್ಸು ತುಮಕೂರು ದಾಟುವ ಮುಂಚೆ ಪೋಸ್ಟ್ ಹಾಕಿ ಲೈಕು ಎಣಿಸುತ್ತಿದ್ದರು.

ಆದರೆ ಅವರ ಮಾತು ಮುಗಿದಿರಲಿಲ್ಲ. "ಇನ್ನೊಂದು ಸಲ ಯಾರಾದ್ರೂ ಕೇಳಿದ್ರೆ ಹಾಕಲ್ಲ ಬಿಡಿ" ಅಂದೆ ನಾನು. ಅವರು ನನ್ನನ್ನು ಒಂದು ಥರ ನೋಡಿದರು. "ಈಗ ಅದಕ್ಕೇ ಹೋಗ್ತಿರೋದು. ಅಳಿಯ ಗಾಡಿ ತಗೋತಾನೆ, ಬಾಡಿಗೆ ಓಡಿಸ್ತಾನೆ. ಮಗಳು ಫೋನಲ್ಲಿ ಅತ್ಲು. ಹಾಕದೆ ಏನ್ಮಾಡ್ಲಿ? ಆವತ್ತು ಗೊತ್ತಿಲ್ದೆ ಹಾಕ್ದೆ, ಇವತ್ತು ಗೊತ್ತಿದ್ದೂ ಹಾಕ್ತೀನಿ."

ಈಗ ಹೇಳಿ, ಯಾವ ವಚನ ಅಂಟಿಸುತ್ತೀರಿ? ಜ್ಞಾನೋಕ್ತಿಗಳ ಪ್ರಕಾರ ಇವರು ಬುದ್ಧಿ ಕಲಿಯದವರು. ಅಷ್ಟಕ್ಕೇ ನಿಲ್ಲಿಸಿದರೆ ಬೈಬಲ್ ಓದಿಲ್ಲ ಅಂತಲೇ ಅರ್ಥ. ಯಾಕೆಂದರೆ ಆದಿಕಾಂಡದ 43 ಮತ್ತು 44ನೇ ಅಧ್ಯಾಯಗಳಲ್ಲಿ ಯೆಹೂದ ಇನ್ನೇನು ಮಾಡುತ್ತಾನೆ? ಬರಗಾಲ. ಈಜಿಪ್ಟಿಗೆ ಧಾನ್ಯ ತರಲು ಹೋಗಬೇಕು, ಕಿರಿಯ ತಮ್ಮ ಬೆನ್ಯಾಮೀನನನ್ನು ಕರೆದುಕೊಂಡೇ ಹೋಗಬೇಕು. ಮುದಿ ತಂದೆ ಕಳಿಸಲು ಒಪ್ಪುವುದಿಲ್ಲ. ಆಗ ಯೆಹೂದ ತಮ್ಮನಿಗೆ ನಾನು ಹೊಣೆ ಅನ್ನುತ್ತಾನೆ. ಅಲ್ಲಿ ತಮ್ಮ ಸಿಕ್ಕಿಬಿದ್ದಾಗ ಅವನ ಬದಲು ನಾನು ಗುಲಾಮನಾಗಿ ಉಳಿಯುತ್ತೇನೆ ಅಂತ ಮುಂದೆ ಬರುತ್ತಾನೆ. ಹೀಬ್ರೂ ಮೂಲದಲ್ಲಿ ಜ್ಞಾನೋಕ್ತಿಗಳು ಬೇಡ ಅನ್ನುವ ಹೊಣೆಗೂ ಯೆಹೂದ ಹೊತ್ತ ಹೊಣೆಗೂ ಒಂದೇ ಧಾತು. ಒಂದೇ ಗ್ರಂಥ ಹೊಣೆಯಾಗಬೇಡ ಅಂತಲೂ ಹೇಳುತ್ತೆ, ಹೊಣೆಯಾದವನನ್ನು ಕತೆಯ ಎತ್ತರದಲ್ಲಿ ನಿಲ್ಲಿಸುತ್ತದೆ ಕೂಡ.

ಬಸ್ಸಿನ ಹಿರಿಯರಿಗೆ ಜ್ಞಾನೋಕ್ತಿಯೂ ಗೊತ್ತಿರಲಿಲ್ಲ, ಯೆಹೂದನೂ ಗೊತ್ತಿರಲಿಲ್ಲ. ಅವರು ಎರಡರ ನಡುವೆ ಸಿಕ್ಕಿಕೊಂಡು, ಕಿಸೆಯಲ್ಲಿ ಆಧಾರ್ ಕಾರ್ಡು, ಪಹಣಿ ಇಟ್ಟುಕೊಂಡು ಬ್ಯಾಂಕಿಗೆ ಹೊರಟಿದ್ದರು. ಬೈಬಲ್ಲಿನ ವಿವೇಕ ಅಪರಿಚಿತರ ಮಾತಿನಲ್ಲಿ ಸಿಗುವುದು ಹೀಗೆ. ಒಂದು ಸಾಲಿನ ನೀತಿಯಾಗಿ ಅಲ್ಲ, ಬಗೆಹರಿಯದ ಗಂಟಾಗಿ. ಅದನ್ನು ಬಿಡಿಸಿ ಸಾಲು ಮಾಡಿದ ಕ್ಷಣ ಅವರ ಬದುಕು ಸುಳ್ಳಾಗುತ್ತೆ. ಜೋರಾಗಿ ಹಾಕಿದ ವಿಡಿಯೋ, ಸೈಟಿನ ರೇಟಿನ ಬೈಗುಳ, ಫೋನಲ್ಲಿ ಅತ್ತ ಮಗಳು, ಎದ್ದು ಒಳಗೆ ಹೋಗುವ ಹೆಂಡತಿ, ಇವನ್ನೆಲ್ಲ ಕತ್ತರಿಸಿದರೆ ಉಳಿಯುವುದು ಬರೀ ನಾವು.

ಸರಿಯಾದ ಮಾತು, ತಪ್ಪು ಜಾಗ

"ಅಯ್ಯೋ, ಒಳ್ಳೆಯ ಮಾತು ಹಂಚಿದರೆ ನಿಮಗೇನು ಕಷ್ಟ? ನಾಲ್ಕು ಜನಕ್ಕೆ ಸಮಾಧಾನ ಆಗಲ್ವಾ?" ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಯೋಬನ ಪುಸ್ತಕಕ್ಕೆ ಹೋಗೋಣ.

ಯೋಬ ಊಚ್ ದೇಶದವನು. ಆಸ್ತಿ ಹೋಯಿತು, ಮಕ್ಕಳು ಸತ್ತರು, ಮೈತುಂಬ ಹುಣ್ಣು. ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ! ಆಮೇಲೆ ಬಾಯಿ ಬಿಟ್ಟರು. ದೇವರು ನ್ಯಾಯವಂತ, ತಪ್ಪು ಮಾಡದೆ ಶಿಕ್ಷೆ ಇಲ್ಲ, ಬಿತ್ತಿದ್ದನ್ನೇ ಕೊಯ್ಯುತ್ತೇವೆ, ತಿದ್ದಿಕೊಂಡರೆ ಒಳ್ಳೆಯದಾಗುತ್ತೆ. ಒಂದೊಂದನ್ನೂ ಬಿಡಿಯಾಗಿ ತೆಗೆದರೆ ಜ್ಞಾನೋಕ್ತಿಗಳಲ್ಲಿ ಹೊಂದಿಕೊಳ್ಳುವ ಮಾತುಗಳೇ. ಆದರೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಯಾರ ಮೇಲೆ? ಕೂಗಾಡಿದ, ದೇವರನ್ನೇ ಪ್ರಶ್ನೆ ಮಾಡಿದ ಯೋಬನ ಮೇಲಲ್ಲ. ಸುಭಾಷಿತ ಹೇಳಿದ ಈ ಗೆಳೆಯರ ಮೇಲೆ.

2022ರ ಕೊನೆ ಮತ್ತು 2023ರಲ್ಲಿ ನಮ್ಮ ಕ್ಷೇತ್ರದಲ್ಲಿ ಕೆಲಸ ಹೋದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗುವುದಿಲ್ಲ, ಅಷ್ಟೇ. ಒಬ್ಬ ಗೆಳೆಯನಿಗೆ ಮನೆ ಸಾಲದ ಕಂತು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಅವನ ಫೋನಿಗೆ ಆ ವಾರ ಬಂದ ಮೆಸೇಜುಗಳನ್ನು ತೋರಿಸಿದ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದಂತೆ. ಎಲ್ಲದಕ್ಕೂ ಒಂದು ಕಾಲವಿದೆಯಂತೆ. ಒಬ್ಬರು ಆಟೋ ಕತೆಯನ್ನೇ ಕಳಿಸಿದ್ದರು, ಅದರಲ್ಲಿ ಆಟೋ ಹಿರಿಯರು ಕೆಲಸ ಕಳೆದುಕೊಂಡವನಿಗೆ ಧೈರ್ಯ ಹೇಳುತ್ತಾರೆ! ಕಳಿಸಿದ ಯಾರೊಬ್ಬರೂ ಈ ತಿಂಗಳ ಕಂತಿಗೆ ಏನು ಮಾಡ್ತೀಯ ಅಂತ ಕೇಳಿರಲಿಲ್ಲ. ಯೋಬನ ಗೆಳೆಯರಿಗೆ ಕೊನೇಪಕ್ಷ ಏಳು ದಿನ ಕೂರುವ ವ್ಯವಧಾನವಿತ್ತು. ನಮಗೆ ಅದೂ ಇಲ್ಲ, ಫಾರ್ವರ್ಡ್ ಬಟನ್ ಇದೆ.

ವಿವೇಕ ವಾಕ್ಯದಲ್ಲಿಲ್ಲ, ಅದನ್ನು ಯಾರಿಗೆ, ಯಾವಾಗ ಹೇಳುತ್ತೇವೆ ಅನ್ನುವುದರಲ್ಲಿದೆ. ಇದೂ ನನ್ನ ಸ್ವಂತ ಶೋಧ ಅಲ್ಲ. ಜ್ಞಾನೋಕ್ತಿಗಳ 26ನೇ ಅಧ್ಯಾಯದಲ್ಲಿ ಒಂದು ವಚನ ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕ ಉತ್ತರ ಕೊಡಬೇಡ ಅನ್ನುತ್ತೆ. ಅದರ ಬೆನ್ನಿಗೇ ಬರುವ ವಚನ ಕೊಡು ಅನ್ನುತ್ತೆ! ಬೇಕೆಂದೇ ಪಕ್ಕಪಕ್ಕ ಇಟ್ಟಿದ್ದಾರೆ. ಎರಡರಲ್ಲಿ ಯಾವುದು ಅಂತ ನಿರ್ಧರಿಸಲು ಎದುರಿಗಿರುವ ಮನುಷ್ಯನನ್ನು ನೋಡಲೇಬೇಕು. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಮೂಢನ ಬಾಯಿಗೆ ಸಿಕ್ಕ ಗಾದೆಯನ್ನು ಕುಡುಕನ ಕೈಗೆ ಸಿಕ್ಕ ಮುಳ್ಳಿಗೆ ಹೋಲಿಸಿದ್ದಾರೆ. ಫಾರ್ವರ್ಡ್ ಮಾಡುವವರು ಈ ಒಂದನ್ನು ಮಾತ್ರ ಯಾಕೋ ಫಾರ್ವರ್ಡ್ ಮಾಡುವುದಿಲ್ಲ :-)

ನಮ್ಮ ಗಾದೆಗಳೂ ಹೀಗೇ ಜಗಳ ಆಡುತ್ತವೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಬಾಯಿಯೇ ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತೆ. ಸಾಲಗಾರ ಸಾಲ ಕೊಟ್ಟವನಿಗೆ ದಾಸ ಅಂತ ಸೊಲೊಮೋನನ ಕಡೆಯವರು ಹೇಳಿದರೆ, ನಮ್ಮವರು ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಪೂರ್ತಿ ಉಲ್ಟಾ ಹೊಡೆಯುತ್ತಾರೆ. ಬಸ್ಸಿನ ಹಿರಿಯರಿಗೆ ಎರಡೂ ನಿಜ. ಇಸ್ಕೊಂಡ ಷಡ್ಡಕ ಹಬ್ಬಕ್ಕೆ ಬಂದು ಊಟ ಮಾಡಿ ಹೋದ, ಇವರು ಸಾಲವನ್ನೇ ತಗೊಳ್ಳದೆ ದಾಸರಾದರು.

ಹಾಗಾದರೆ ಏನು ಮಾಡೋಣ?

ಜ್ಞಾನೋಕ್ತಿಗಳ ಮೊದಲ ಅಧ್ಯಾಯದಲ್ಲಿ ಜ್ಞಾನ ಒಬ್ಬ ಹೆಣ್ಣಾಗಿ ಬರುತ್ತಾಳೆ. ಅವಳು ನಿಲ್ಲುವುದು ಬೀದಿಯಲ್ಲಿ, ಗದ್ದಲದ ಚೌಕದಲ್ಲಿ, ಊರ ಬಾಗಿಲಲ್ಲಿ. ದೇವಾಲಯದ ಒಳಗಲ್ಲ, ಟಿಕೆಟ್ ಇಟ್ಟ ಹಾಲಿನಲ್ಲೂ ಅಲ್ಲ. ಅಷ್ಟೇ ಅಲ್ಲ, ಅವಳು ಪಿಸುಗುಡುವುದಿಲ್ಲ, ಕೂಗುತ್ತಾಳೆ. ಅವಳ ದೂರು ಒಂದೇ, ನಾನು ಕರೆದೆ, ನೀವು ಕಿವಿಗೊಡಲಿಲ್ಲ ಅಂತ. ಆ ಪುಸ್ತಕ ಬರೆದ ಕಾಲದಲ್ಲಿ ಇಯರ್‌ಫೋನ್ ಇರಲಿಲ್ಲ. ಈಗ ಮೆಟ್ರೋದ ಒಂದು ಬೋಗಿಯಲ್ಲಿ ನಿಂತು ಎಣಿಸಿ ನೋಡಿ, ಎಷ್ಟು ಕಿವಿ ಖಾಲಿ ಇವೆ ಅಂತ. ಅದರಲ್ಲಿ ಎಷ್ಟೋ ಕಿವಿಗಳೊಳಗೆ ಅದೇ ಹೊತ್ತಿಗೆ ಸ್ಫೂರ್ತಿದಾಯಕ ಭಾಷಣ ಓಡುತ್ತಿರುತ್ತೆ.

ಅಪರಿಚಿತರ ಕತೆ ಹೇಳಲೇಬಾರದು ಅಂತ ನಾನು ಹೇಳಲ್ಲ. ಹೇಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ಮನುಷ್ಯ ನಿಮಗೆ ಇಷ್ಟವಾಗದ ಯಾವುದಾದರೂ ಮಾತು ಆಡಿದರಾ? ಆಡಿದ್ದರೆ ಅದನ್ನೂ ಬರೆಯಿರಿ. ಆಡಿಲ್ಲ ಅಂದರೆ ನೀವು ಅವರನ್ನು ಮಾತಾಡಲು ಬಿಟ್ಟಿಲ್ಲ. ಎರಡನೆಯದು, ಆ ಮಾತು ಕೇಳಿದ ಮೇಲೆ ನಿಮ್ಮ ಕೈಯಿಂದ ಏನಾದರೂ ಹೋಯಿತಾ? ಸಮಯ, ದುಡ್ಡು, ಅಹಂಕಾರ, ಒಂದು ಗಟ್ಟಿ ಅಭಿಪ್ರಾಯ, ಏನಾದರೂ ಸರಿ. ಏನೂ ಹೋಗಿಲ್ಲ ಅಂದರೆ ನೀವು ಕೇಳಿದ್ದು ನಿಮ್ಮದೇ ಮಾತಿನ ಪ್ರತಿಧ್ವನಿ.

ಇನ್ನೊಂದು ವಿಷಯ. ನಮಗೆ ಅವರು ಅಪರಿಚಿತರಾದ ಹಾಗೆ ಅವರಿಗೂ ನಾವು ಅಪರಿಚಿತರೇ. ಬಸ್ಸಿನ ಹಿರಿಯರು ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಮುಂಚೆ ಜಾಮೀನಿನ ಕರಾರಿನಲ್ಲಿ ಏನೇನು ನೋಡಿಕೊಳ್ಳಬೇಕು ಅಂತ ಕೇಳಿದರು. ಎಷ್ಟು ಮೊತ್ತಕ್ಕೆ ನೀವು ಹೊಣೆ ಅಂತ ಮೊದಲು ಓದಿಸಿಕೊಳ್ಳಿ, ಅಳಿಯ ಕಂತು ತಪ್ಪಿಸಿದರೆ ನಿಮ್ಮಿಂದ ನೇರ ವಸೂಲಿ ಮಾಡಬಹುದಾ ಕೇಳಿ, ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡಿ, ನಿಮ್ಮ ಪ್ರತಿಯನ್ನು ಅಲ್ಲೇ ಇಸ್ಕೊಳ್ಳಿ ಅಂತ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಅದರಲ್ಲಿ ಯಾವ ಗ್ರಂಥದ ವಚನವೂ ಇರಲಿಲ್ಲ. ಅವರಿಗೆ ಅವತ್ತು ಬೇಕಾಗಿದ್ದದ್ದು ಅದೇ.

ಸುಭಾಷಿತ ಹಂಚುವ ಮುಂಚೆ ಎದುರಿಗಿರುವವರಿಗೆ ಏನು ಬೇಕು ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳೋಣ. ಅವರು ಹೇಳುವುದು ಬೈಬಲ್ಲಿನಲ್ಲಿ ಇದೆಯೋ ಇಲ್ಲವೋ ಅಂತ ಮನೆಗೆ ಹೋಗಿ ನಿಧಾನ ನೋಡಿದರಾಯಿತು, ಪುಸ್ತಕ ಎಲ್ಲೂ ಓಡಿಹೋಗಲ್ಲ. ಮನುಷ್ಯ ಮಾತ್ರ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾನೆ.

ನೀವೇನಂತೀರಿ?